ತೊಟ್ಟಿ ಮರೆತ ಪಾಠ
ಅಕ್ವೇರಿಯಂ ಇತಿಹಾಸದ ಮೊದಲ ಪಾಠವೇ ಸಮತೋಲ. ಎರಡು ಚಿನ್ನದ ಮೀನು, ಜಲಸಸ್ಯ, ಬಸವನಹುಳು ಒಂದೇ ಗಾಜಿನ ಪಾತ್ರೆಯಲ್ಲಿ ಬಾಳಬಲ್ಲವೆಂದು ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ 1850ರಲ್ಲಿ ವಿವರಿಸಿದ. ಗಿಡ ಆಮ್ಲಜನಕ ಕೊಡುತ್ತಿತ್ತು. ಕೊಳೆತ ಎಲೆಯನ್ನು ಹುಳು ತಿನ್ನುತ್ತಿತ್ತು. 1853ರಲ್ಲಿ ಅಲ್ಲಿನ ಮೃಗಾಲಯ ಮೀನುಮನೆ ತೆರೆಯಿತು. ಗಾಜಿನ ತೊಟ್ಟಿಯ ಹುಚ್ಚು ಮನೆಮನೆಗೆ ಹಬ್ಬಿತು.

ನಾನು ಕಂಡ ಎಷ್ಟೋ ಅಂಗಡಿಗಳಲ್ಲಿ ಗಾಜು ಉಳಿದಿದೆ, ಪಾಠ ಮರೆತುಹೋಗಿದೆ. ಕಿಕ್ಕಿರಿದ ಮೀನುಗಳು ಹೊರಬಿಡುವ ಅಮೋನಿಯಾ ಅವಕ್ಕೇ ವಿಷ. ಮೇಲೆ ಬಂದು ಬಾಯಿ ತೆರೆಯುವ ಮೀನನ್ನು ಕಂಡು ಗಿರಾಕಿಗಳು ‘ಮಾತಾಡುತ್ತಿದೆ’ ಎಂದು ನಗುತ್ತಾರೆ. ಎಷ್ಟೋ ಸಲ ಅದು ಉಸಿರಿಗಾಗಿ ಒದ್ದಾಡುತ್ತಿರುತ್ತದೆ.

ನಮ್ಮ 1960ರ ಪ್ರಾಣಿಹಿಂಸೆ ತಡೆ ಕಾಯಿದೆಯಲ್ಲಿ ಪ್ರಾಣಿಯೆಂದರೆ ಮನುಷ್ಯನನ್ನುಳಿದು ಯಾವುದೇ ಜೀವಿ. ಮೀನೂ ಅದರೊಳಗೆ ಬಂತೆಂದು ಮಕ್ಕಳಿಗೆ ಹೇಳಿಕೊಡುತ್ತೇನೆ. ಕೊಳ್ಳುವವರು ಮೀನಿನ ಬಣ್ಣಕ್ಕಿಂತ ಮೊದಲು ತೊಟ್ಟಿಯ ನೀರನ್ನು ನೋಡಲಿ.