ನಿಧಿ ಸಂಗ್ರಹಣಾ ಯೋಜನೆ

ನಿಧಿ ಸಂಗ್ರಹಣಾ ಯೋಜನೆ ಎಂದರೆ ಲಾಭರಹಿತ ಸಂಸ್ಥೆಯೊಂದು ತನ್ನ ಕಾರ್ಯಗಳಿಗೆ ಬೇಕಾದ ಹಣವನ್ನು ಯಾರಿಂದ, ಎಷ್ಟು, ಯಾವಾಗ ಮತ್ತು ಹೇಗೆ ಸಂಗ್ರಹಿಸಬೇಕೆಂಬುದನ್ನು ನಿಗದಿಪಡಿಸುವ ಲಿಖಿತ ದಾಖಲೆ. ಇದನ್ನು ಸಾಮಾನ್ಯವಾಗಿ ಒಂದು ಆರ್ಥಿಕ ವರ್ಷಕ್ಕೆ ಸಿದ್ಧಪಡಿಸಲಾಗುತ್ತದೆ.

ರಚನೆ

ಯೋಜನೆಯು ಆಯವ್ಯಯದ ಅಂದಾಜಿನಿಂದ ಆರಂಭವಾಗುತ್ತದೆ. ಒಟ್ಟು ವೆಚ್ಚದಲ್ಲಿ ಖಚಿತ ಆದಾಯವನ್ನು ಕಳೆದರೆ ಉಳಿಯುವ ಕೊರತೆಯೇ ಸಂಗ್ರಹದ ಗುರಿ. ಉದಾಹರಣೆಗೆ, ವರ್ಷಕ್ಕೆ 6 ಲಕ್ಷ ರೂಪಾಯಿ ವೆಚ್ಚವಿರುವ ಗ್ರಂಥಾಲಯಕ್ಕೆ ಸದಸ್ಯತ್ವ ಶುಲ್ಕ ಹಾಗೂ ಠೇವಣಿಯ ಬಡ್ಡಿಯಿಂದ 2 ಲಕ್ಷ ಬರುವುದಾದರೆ ಗುರಿ 4 ಲಕ್ಷ. ಈ ಮೊತ್ತವನ್ನು ವೈಯಕ್ತಿಕ ದಾನಿಗಳು, ಕಂಪನಿಗಳು, ಅನುದಾನಗಳು ಮುಂತಾದ ಮೂಲಗಳಿಗೆ ಹಂಚಿ, ಪ್ರತಿಯೊಂದಕ್ಕೂ ಹೊಣೆಗಾರರನ್ನೂ ಗಡುವನ್ನೂ ನಮೂದಿಸಲಾಗುತ್ತದೆ. ಸಂಗ್ರಹಣೆಗೆ ತಗಲುವ ಖರ್ಚನ್ನು ಪ್ರತ್ಯೇಕವಾಗಿ ತೋರಿಸಬೇಕು. ಒಬ್ಬನೇ ದಾನಿಯನ್ನು ನೆಚ್ಚಿಕೊಂಡ ಸಂಸ್ಥೆಯಲ್ಲಿ, ಆ ನೆರವು ನಿಂತೊಡನೆ ಸಿಬ್ಬಂದಿಯ ವೇತನವೂ ಫಲಾನುಭವಿಗಳಿಗೆ ಸಲ್ಲುವ ಸೇವೆಯೂ ನಿಂತುಹೋಗುವ ಅಪಾಯವಿರುತ್ತದೆ. ಆದ್ದರಿಂದ ಹಲವು ಮೂಲಗಳನ್ನು ಅವಲಂಬಿಸುವುದು ಯೋಜನೆಯ ಮುಖ್ಯ ತತ್ತ್ವ. ಮೂರು ತಿಂಗಳಿಗೊಮ್ಮೆ ಗುರಿಯನ್ನೂ ಬಂದ ಹಣವನ್ನೂ ಹೋಲಿಸಿ ನೋಡುವುದು ರೂಢಿ.

ಭಾರತದಲ್ಲಿ ಕಾನೂನು

ಆದಾಯ ತೆರಿಗೆಯ ನಿಯಮದಂತೆ 2,000 ರೂಪಾಯಿ ಮೀರಿದ ನಗದು ದೇಣಿಗೆಗೆ ದಾನಿಗೆ ತೆರಿಗೆ ರಿಯಾಯಿತಿ ದೊರೆಯುವುದಿಲ್ಲ. 2013ರ ಕಂಪನಿ ಕಾಯ್ದೆಯ 135ನೇ ಕಲಮಿನ ಪ್ರಕಾರ, ನಿಗದಿತ ಮಟ್ಟದ ಕಂಪನಿಗಳು ಹಿಂದಿನ 3 ವರ್ಷಗಳ ಸರಾಸರಿ ನಿವ್ವಳ ಲಾಭದ ಕನಿಷ್ಠ ಶೇ. 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಗೆ ವ್ಯಯಿಸಬೇಕು.

ವಿದೇಶಿ ವಂತಿಗೆ ಸ್ವೀಕರಿಸಲು 2010ರ ವಿದೇಶಿ ವಂತಿಗೆ (ನಿಯಂತ್ರಣ) ಕಾಯ್ದೆಯಡಿ ನೋಂದಣಿ ಅಥವಾ ಪೂರ್ವಾನುಮತಿ ಅಗತ್ಯ. ಹೊರದೇಶದಲ್ಲಿ ನೆಲೆಸಿದ ಭಾರತೀಯ ಪೌರರು ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ನೀಡಿದ ಹಣ ವಿದೇಶಿ ವಂತಿಗೆ ಎನಿಸುವುದಿಲ್ಲ. ವಿದೇಶಿ ಪೌರತ್ವ ಪಡೆದವರು ನೀಡಿದ್ದು ಎನಿಸುತ್ತದೆ. ಹೊರನಾಡ ಕನ್ನಡಿಗರ ನೆರವನ್ನು ನಿರೀಕ್ಷಿಸುವ ಸಂಸ್ಥೆಗಳು ಯೋಜನೆಯಲ್ಲಿ ಈ ಎರಡನ್ನೂ ಬೇರೆಬೇರೆಯಾಗಿ ನಮೂದಿಸಬೇಕಾಗುತ್ತದೆ.