ಒಂದು ತಂಡಕ್ಕೆ ಹನ್ನೆರಡು ನಗರಗಳ ಪೈಪೋಟಿ: ಅಮೆರಿಕದ ಸಾಕರ್ ಲೀಗ್ ಬೆಳೆದ ಬಗೆ

ನಾವು ಫುಟ್‌ಬಾಲ್ ಎಂದು ಕರೆಯುವ ಆಟಕ್ಕೆ ಅಮೆರಿಕದಲ್ಲಿ ಸಾಕರ್ ಎಂದು ಹೆಸರು. ಅಲ್ಲಿನ ಅಗ್ರ ವೃತ್ತಿಪರ ಲೀಗ್ ಆದ ಮೇಜರ್ ಲೀಗ್ ಸಾಕರ್, ಅಂದರೆ ಎಂಎಲ್‌ಎಸ್, 1996ರಲ್ಲಿ 10 ತಂಡಗಳೊಂದಿಗೆ ಆರಂಭವಾಯಿತು. 2025ರ ಹೊತ್ತಿಗೆ ತಂಡಗಳ ಸಂಖ್ಯೆ 30ಕ್ಕೆ ಏರಿತು. ಈ ಅವಧಿಯಲ್ಲಿ ಹೊಸ ತಂಡವೊಂದನ್ನು ಪಡೆಯಲು ಹತ್ತಾರು ನಗರಗಳು ಲೀಗ್‌ನ ಬಾಗಿಲು ತಟ್ಟಿದವು. ಕೆಲವು ನಗರಗಳು ತೆರಿಗೆದಾರರ ಹಣವನ್ನು ಮುಂದಿಟ್ಟವು. ಕೆಲವು ನಗರಗಳ ಮತದಾರರು ಹಣ ಕೊಡಲು ನಿರಾಕರಿಸಿದರು. ಯಾರಿಗೆ ತಂಡ ದೊರೆಯಿತು, ಯಾರಿಗೆ ತಪ್ಪಿತು ಎಂಬುದರ ಹಿಂದಿನ ಲೆಕ್ಕಾಚಾರ ಕುತೂಹಲಕರವಾಗಿದೆ.

ಮುಚ್ಚಿದ ಬಾಗಿಲಿನ ಲೀಗ್

ಯೂರೋಪಿನ ಬಹುತೇಕ ದೇಶಗಳಲ್ಲಿ ಸಣ್ಣ ಊರಿನ ಕ್ಲಬ್ ಕೂಡ ಕೆಳಗಿನ ದರ್ಜೆಯಲ್ಲಿ ಗೆಲ್ಲುತ್ತಾ ಮೇಲಿನ ದರ್ಜೆಗೆ ಬಡ್ತಿ ಪಡೆಯಬಹುದು. ಸೋತ ದೊಡ್ಡ ಕ್ಲಬ್ ಕೆಳಗಿಳಿಯುತ್ತದೆ. ಎಂಎಲ್‌ಎಸ್‌ನಲ್ಲಿ ಈ ಪದ್ಧತಿ ಇಲ್ಲ. ಎಷ್ಟೇ ಸೋತರೂ ತಂಡ ಲೀಗ್‌ನಲ್ಲೇ ಉಳಿಯುತ್ತದೆ. ಹೊರಗಿನ ತಂಡ ಎಷ್ಟೇ ಗೆದ್ದರೂ ಒಳಗೆ ಬರಲಾಗದು. ಒಳಬರಲು ಇರುವ ಏಕೈಕ ಮಾರ್ಗವೆಂದರೆ ಲೀಗ್‌ನ ಅನುಮತಿ ಮತ್ತು ಪ್ರವೇಶ ಶುಲ್ಕ.

ಲೀಗ್‌ನ ರಚನೆಯೂ ವಿಶಿಷ್ಟವಾದುದು. ಕಾನೂನಿನ ದೃಷ್ಟಿಯಲ್ಲಿ ಇಡೀ ಎಂಎಲ್‌ಎಸ್ ಒಂದೇ ಸಂಸ್ಥೆ. ತಂಡಗಳ ಮಾಲೀಕರು ಆ ಸಂಸ್ಥೆಯ ಹೂಡಿಕೆದಾರರು. ಆಟಗಾರರು ಒಪ್ಪಂದ ಮಾಡಿಕೊಳ್ಳುವುದು ಕ್ಲಬ್‌ನೊಂದಿಗಲ್ಲ, ಲೀಗ್‌ನೊಂದಿಗೆ. ಪೆಲೆ ಅವರಂತಹ ತಾರೆಯರನ್ನು ಕರೆತಂದಿದ್ದ ಹಿಂದಿನ ಉತ್ತರ ಅಮೆರಿಕ ಸಾಕರ್ ಲೀಗ್ 1984ರ ಋತುವಿನ ನಂತರ ಕುಸಿದುಬಿದ್ದಿತ್ತು. ಮಿತಿಮೀರಿದ ಖರ್ಚು ಅದರ ಪತನಕ್ಕೆ ಮುಖ್ಯ ಕಾರಣಗಳಲ್ಲಿ ಒಂದು. 1994ರ ವಿಶ್ವಕಪ್ ಆತಿಥ್ಯದ ಬೆನ್ನಲ್ಲೇ ಹುಟ್ಟಿದ ಹೊಸ ಲೀಗ್, ಅದೇ ತಪ್ಪು ಮರುಕಳಿಸದಂತೆ ಎಲ್ಲ ಹಿಡಿತವನ್ನೂ ತನ್ನಲ್ಲೇ ಇಟ್ಟುಕೊಂಡಿತು.

ಒಂದು ಕೋಟಿಯಿಂದ ಐವತ್ತು ಕೋಟಿಗೆ

ಆರಂಭದ ದಿನಗಳು ಸುಲಭದವಾಗಿರಲಿಲ್ಲ. 1998ರಲ್ಲಿ ಷಿಕಾಗೊ ಮತ್ತು ಮಿಯಾಮಿ ಸೇರ್ಪಡೆಯಾಗಿ ತಂಡಗಳ ಸಂಖ್ಯೆ 12 ಆಯಿತು. ಆದರೆ 2002ರ ಜನವರಿಯಲ್ಲಿ ಮಿಯಾಮಿ ಹಾಗೂ ಟ್ಯಾಂಪಾ ಬೇ ತಂಡಗಳನ್ನು ಮುಚ್ಚಲಾಯಿತು. ಲೀಗ್ ಮತ್ತೆ 10 ತಂಡಗಳಿಗೆ ಇಳಿಯಿತು.

ಚೇತರಿಕೆ ಬಂದದ್ದು ನಂತರದ ದಶಕದಲ್ಲಿ. 2007ರಲ್ಲಿ ಕೆನಡಾದ ಟೊರಾಂಟೊ ಸುಮಾರು 1 ಕೋಟಿ ಡಾಲರ್ ಶುಲ್ಕ ತೆತ್ತು ಪ್ರವೇಶಿಸಿತು. 2009ರಲ್ಲಿ ಸಿಯಾಟಲ್ ತೆತ್ತದ್ದು 3 ಕೋಟಿ ಡಾಲರ್. ಅಲ್ಲಿ ಮೊದಲ ಋತುವಿನಲ್ಲೇ ಪಂದ್ಯವೊಂದಕ್ಕೆ ಸರಾಸರಿ 30 ಸಾವಿರಕ್ಕೂ ಹೆಚ್ಚು ಪ್ರೇಕ್ಷಕರು ಬಂದರು. 2015ರಲ್ಲಿ ನ್ಯೂಯಾರ್ಕ್ ಸಿಟಿ ತಂಡದ ಶುಲ್ಕ 10 ಕೋಟಿ ಡಾಲರ್ ತಲುಪಿತು. 2017ರಲ್ಲಿ ಸೇರಿದ ಅಟ್ಲಾಂಟಾ ಮೊದಲ ವರ್ಷವೇ ಸರಾಸರಿ 48 ಸಾವಿರ ಪ್ರೇಕ್ಷಕರನ್ನು ಸೆಳೆದು, ಮರುವರ್ಷ ಪ್ರಶಸ್ತಿಯನ್ನೂ ಗೆದ್ದಿತು. 2022ರಲ್ಲಿ ಆಡಲಾರಂಭಿಸಿದ ಷಾರ್ಲೆಟ್‌ಗೆ 32.5 ಕೋಟಿ, 2025ರಲ್ಲಿ ಕಣಕ್ಕಿಳಿದ ಸ್ಯಾನ್ ಡಿಯಾಗೊಗೆ 50 ಕೋಟಿ ಡಾಲರ್ ಶುಲ್ಕ ಬಿದ್ದಿತು.

ಈ ಹಣ ಹಳೆಯ ಮಾಲೀಕರಲ್ಲಿ ಹಂಚಿಕೆಯಾಗುತ್ತದೆ ಎಂಬುದು ಗಮನಾರ್ಹ. ಆದ್ದರಿಂದ ಕಾಯುವವರ ಸಾಲು ಉದ್ದವಾದಷ್ಟೂ ಒಳಗಿರುವವರಿಗೆ ಲಾಭ.

2017ರ ಹನ್ನೆರಡು ಅರ್ಜಿಗಳು

ಈ ಪೈಪೋಟಿ ತಾರಕಕ್ಕೇರಿದ್ದು 2017ರಲ್ಲಿ. ಹಿಂದಿನ ವರ್ಷದ ಡಿಸೆಂಬರ್‌ನಲ್ಲಿ ಲೀಗ್ ಹೊಸ ತಂಡಗಳಿಗೆ ಅರ್ಜಿ ಆಹ್ವಾನಿಸಿತು. ಜನವರಿ 31ರ ಗಡುವಿನೊಳಗೆ ಷಾರ್ಲೆಟ್, ಸಿನ್ಸಿನಾಟಿ, ಡೆಟ್ರಾಯಿಟ್, ಇಂಡಿಯಾನಾಪೊಲಿಸ್, ನ್ಯಾಶ್‌ವಿಲ್, ಫೀನಿಕ್ಸ್, ರಾಲಿ-ಡರ್ಹಮ್, ಸ್ಯಾಕ್ರಮೆಂಟೊ, ಸೇಂಟ್ ಲೂಯಿಸ್, ಸ್ಯಾನ್ ಆಂಟೋನಿಯೊ, ಸ್ಯಾನ್ ಡಿಯಾಗೊ ಮತ್ತು ಟ್ಯಾಂಪಾ-ಸೇಂಟ್ ಪೀಟರ್ಸ್‌ಬರ್ಗ್ ಅರ್ಜಿ ಸಲ್ಲಿಸಿದವು. ಮೊದಲ ಎರಡು ಸ್ಥಾನಗಳಿಗೆ ಶುಲ್ಕ ತಲಾ 15 ಕೋಟಿ ಡಾಲರ್.

ಲೀಗ್ ಮುಖ್ಯವಾಗಿ ಮೂರು ಅಂಶಗಳನ್ನು ನೋಡುತ್ತಿತ್ತು: ಮಾಲೀಕರ ಹಣಬಲ, ಕ್ರೀಡಾಂಗಣದ ಯೋಜನೆ, ನಗರದ ಮಾರುಕಟ್ಟೆ ಮತ್ತು ಅಭಿಮಾನಿಗಳ ಬೆಂಬಲ. ಇವುಗಳಲ್ಲಿ ನಗರಾಡಳಿತದ ತಲೆಗೆ ಬರುವುದು ಕ್ರೀಡಾಂಗಣ. ನ್ಯಾಶ್‌ವಿಲ್‌ನ ನಗರ ಪರಿಷತ್ತು 2017ರ ನವೆಂಬರ್‌ನಲ್ಲಿ ಕ್ರೀಡಾಂಗಣಕ್ಕಾಗಿ ಸಾಲಪತ್ರ ಹೊರಡಿಸಲು ಒಪ್ಪಿತು. ಡಿಸೆಂಬರ್ 20ರಂದು ತಂಡ ಆ ನಗರದ ಪಾಲಾಯಿತು. 2018ರ ಮೇ ತಿಂಗಳಿನಲ್ಲಿ ಸಿನ್ಸಿನಾಟಿಯ ಸರದಿ ಬಂದಿತು. ಹೊಸ ಕ್ರೀಡಾಂಗಣದ ಯೋಜನೆ ಕೈಬಿಟ್ಟು, ಅಮೆರಿಕನ್ ಫುಟ್‌ಬಾಲ್‌ಗೆಂದು ಕಟ್ಟಿದ್ದ ಅಂಗಳವನ್ನೇ ತೋರಿಸಿದ ಡೆಟ್ರಾಯಿಟ್ ಅಂತಿಮ ನಾಲ್ವರಲ್ಲಿದ್ದರೂ ಹಿಂದೆ ಉಳಿಯಿತು.

'ಇಲ್ಲ' ಎಂದ ಮತದಾರರು

ಸೇಂಟ್ ಲೂಯಿಸ್ ಅಮೆರಿಕದ ಹಳೆಯ ಸಾಕರ್ ನೆಲೆಗಳಲ್ಲಿ ಒಂದು. 2016ರಲ್ಲಷ್ಟೇ ಆ ನಗರ ತನ್ನ ಅಮೆರಿಕನ್ ಫುಟ್‌ಬಾಲ್ ತಂಡವನ್ನು ಲಾಸ್ ಏಂಜಲೀಸ್‌ಗೆ ಕಳೆದುಕೊಂಡಿತ್ತು. ಸಾಕರ್ ಕ್ರೀಡಾಂಗಣಕ್ಕೆ 6 ಕೋಟಿ ಡಾಲರ್ ಸಾರ್ವಜನಿಕ ಹಣ ನೀಡುವ ಪ್ರಸ್ತಾವವನ್ನು 2017ರ ಏಪ್ರಿಲ್ 4ರಂದು ಜನರ ಮತಕ್ಕೆ ಹಾಕಲಾಯಿತು. ಶೇ 53ರಷ್ಟು ಮತದಾರರು ವಿರೋಧಿಸಿದರು. ತಂಡದ ಕನಸು ಮುಗಿಯಿತೆಂದೇ ಎಲ್ಲರೂ ಭಾವಿಸಿದ್ದರು. ಆದರೆ ಸ್ಥಳೀಯ ಉದ್ಯಮಿ ಟೇಲರ್ ಕುಟುಂಬ ಮುಂದೆ ಬಂದು, ಬಹುಪಾಲು ಖಾಸಗಿ ಹಣದಿಂದಲೇ ಕ್ರೀಡಾಂಗಣ ಕಟ್ಟುವ ಯೋಜನೆ ರೂಪಿಸಿತು. 2019ರ ಆಗಸ್ಟ್‌ನಲ್ಲಿ ತಂಡ ಮಂಜೂರಾಯಿತು.

ಸ್ಯಾನ್ ಡಿಯಾಗೊದಲ್ಲಿಯೂ ಇಂತಹುದೇ ಬೆಳವಣಿಗೆ ನಡೆಯಿತು. ಹಳೆಯ ಕ್ರೀಡಾಂಗಣದ ಜಮೀನನ್ನು ಸಾಕರ್ ಹೂಡಿಕೆದಾರರಿಗೆ ಒಪ್ಪಿಸುವ ಯೋಜನೆಯನ್ನು 2018ರ ನವೆಂಬರ್‌ನಲ್ಲಿ ಮತದಾರರು ತಿರಸ್ಕರಿಸಿ, ಅಲ್ಲಿನ ಸರ್ಕಾರಿ ವಿಶ್ವವಿದ್ಯಾಲಯದ ಯೋಜನೆಯನ್ನು ಮೆಚ್ಚಿದರು. ವಿಶ್ವವಿದ್ಯಾಲಯ ಅಲ್ಲಿ ಹೊಸ ಕ್ರೀಡಾಂಗಣ ಕಟ್ಟಿತು. 2023ರ ಮೇ ತಿಂಗಳಿನಲ್ಲಿ ಉದ್ಯಮಿ ಮೊಹಮ್ಮದ್ ಮನ್ಸೂರ್ ಮತ್ತು ಸೈಕ್ವಾನ್ ಎಂಬ ಮೂಲನಿವಾಸಿ ಸಮುದಾಯದ ಜಂಟಿ ಒಡೆತನದಲ್ಲಿ ನಗರಕ್ಕೆ ತಂಡ ದೊರೆಯಿತು. ಅದು ಆಡುವುದು ಅದೇ ವಿಶ್ವವಿದ್ಯಾಲಯದ ಅಂಗಳದಲ್ಲಿ.

ಸೇಂಟ್ ಲೂಯಿಸ್ 2023ರಲ್ಲಿ, ಸ್ಯಾನ್ ಡಿಯಾಗೊ 2025ರಲ್ಲಿ ತಮ್ಮ ಚೊಚ್ಚಲ ಋತುವಿನಲ್ಲೇ ಪಶ್ಚಿಮ ವಿಭಾಗದ ಅಗ್ರಸ್ಥಾನ ಪಡೆದವು.

ಕೈಗೆ ಬಂದದ್ದು ಬಾಯಿಗೆ ಬರಲಿಲ್ಲ

ಸ್ಯಾಕ್ರಮೆಂಟೊದ ಕಥೆ ಇದಕ್ಕೆ ತದ್ವಿರುದ್ಧ. ಕೆಳದರ್ಜೆಯ ಲೀಗ್‌ನಲ್ಲಿ 2014ರಲ್ಲಿ ಕಾಲಿಟ್ಟ ಅಲ್ಲಿನ ರಿಪಬ್ಲಿಕ್ ತಂಡ ಮೊದಲ ವರ್ಷವೇ ಪ್ರಶಸ್ತಿ ಗೆದ್ದಿತು. ಅಭಿಮಾನಿಗಳಿದ್ದರು, ಜಮೀನಿತ್ತು, ನಗರಾಡಳಿತದ ಬೆಂಬಲವಿತ್ತು. 2019ರ ಅಕ್ಟೋಬರ್‌ನಲ್ಲಿ ಎಂಎಲ್‌ಎಸ್ ತಂಡ ಘೋಷಣೆಯೂ ಆಯಿತು. ಆದರೆ 2021ರ ಫೆಬ್ರುವರಿಯಲ್ಲಿ ಪ್ರಮುಖ ಹೂಡಿಕೆದಾರ ರಾನ್ ಬರ್ಕಲ್ ಹಿಂದೆ ಸರಿದರು. ಘೋಷಣೆ ಕಾಗದದಲ್ಲೇ ಉಳಿಯಿತು. ಮರುವರ್ಷ ಅದೇ ರಿಪಬ್ಲಿಕ್ ತಂಡ ಯು.ಎಸ್. ಓಪನ್ ಕಪ್‌ನಲ್ಲಿ ಮೂರು ಎಂಎಲ್‌ಎಸ್ ತಂಡಗಳನ್ನು ಮಣಿಸಿ ಫೈನಲ್ ತಲುಪಿತು. ಅಂಗಳದಲ್ಲಿನ ಗೆಲುವಿನಿಂದ ಬಾಗಿಲು ತೆರೆಯಲಿಲ್ಲ.

ತಂಡ ಸಿಕ್ಕ ಮಾತ್ರಕ್ಕೆ ನಿಶ್ಚಿಂತೆಯೂ ಇಲ್ಲ. ಲೀಗ್‌ನ ಸ್ಥಾಪಕ ತಂಡಗಳಲ್ಲಿ ಒಂದಾದ ಕೊಲಂಬಸ್ ಕ್ರ್ಯೂವನ್ನು ಟೆಕ್ಸಾಸ್‌ನ ಆಸ್ಟಿನ್‌ಗೆ ಒಯ್ಯುವ ಸಾಧ್ಯತೆಯನ್ನು ಮಾಲೀಕ ಆಂಟನಿ ಪ್ರಿಕೋರ್ಟ್ 2017ರ ಅಕ್ಟೋಬರ್‌ನಲ್ಲಿ ಪ್ರಕಟಿಸಿದರು. ಅಭಿಮಾನಿಗಳು ಚಳವಳಿ ಹೂಡಿದರು. ತೆರಿಗೆ ನೆರವು ಪಡೆದ ತಂಡವನ್ನು ಸ್ಥಳಾಂತರಿಸುವ ಮುನ್ನ ಸ್ಥಳೀಯರಿಗೆ ಖರೀದಿಯ ಅವಕಾಶ ನೀಡಬೇಕೆಂಬ ಒಹಾಯೊ ರಾಜ್ಯದ 1996ರ ಕಾನೂನಿನ ಅಡಿ ಮೊಕದ್ದಮೆ ದಾಖಲಾಯಿತು. ಕೊನೆಗೆ ಹೊಸ ಮಾಲೀಕರು ತಂಡವನ್ನು ಕೊಂಡರು. ಆಸ್ಟಿನ್‌ಗೆ ಪ್ರತ್ಯೇಕ ತಂಡ ನೀಡಲಾಯಿತು. ಉಳಿದುಕೊಂಡ ಕೊಲಂಬಸ್ 2020 ಮತ್ತು 2023ರಲ್ಲಿ ಚಾಂಪಿಯನ್ ಆಯಿತು.

ನಮ್ಮಲ್ಲೂ ನಡೆದ ಪ್ರಯೋಗ

ಈ ಮಾದರಿ ಭಾರತಕ್ಕೂ ಹೊಸದಲ್ಲ. ಬೆಂಗಳೂರು ಎಫ್‌ಸಿ 2013ರಲ್ಲಿ ಐ-ಲೀಗ್‌ಗೆ ಬಂದದ್ದು ಕೆಳದರ್ಜೆಯಿಂದ ಬಡ್ತಿ ಪಡೆದಲ್ಲ. ಜೆಎಸ್‌ಡಬ್ಲ್ಯು ಸಮೂಹ ಸಲ್ಲಿಸಿದ ನೇರ ಪ್ರವೇಶದ ಬಿಡ್ ಮೂಲಕ. ಎರಡು ಬಾರಿ ಐ-ಲೀಗ್ ಗೆದ್ದಿದ್ದ ಈ ತಂಡ 2017ರಲ್ಲಿ ಇಂಡಿಯನ್ ಸೂಪರ್ ಲೀಗ್ ಸೇರಲು ಮತ್ತೆ ಬಿಡ್ ಸಲ್ಲಿಸಬೇಕಾಯಿತು. ಆ ವರ್ಷ ಅದರೊಂದಿಗೆ ಪ್ರವೇಶ ಪಡೆದದ್ದು ಟಾಟಾ ಸ್ಟೀಲ್ ಬೆಂಬಲದ ಜಮ್‌ಷೆಡ್‌ಪುರ ತಂಡ.

ಯಾರ ಹಣ, ಯಾರ ತಂಡ?

ಕ್ರೀಡಾಂಗಣ ಬಂದರೆ ಉದ್ಯೋಗ ಬರುತ್ತದೆ, ವ್ಯಾಪಾರ ಹೆಚ್ಚುತ್ತದೆ ಎಂಬುದು ಹೂಡಿಕೆದಾರರ ವಾದ. ಆದರೆ ಜನರು ಪಂದ್ಯಕ್ಕೆ ಸುರಿಯುವ ಹಣ ಬಹುಮಟ್ಟಿಗೆ ಅದೇ ಊರಿನ ಹೋಟೆಲು, ಸಿನಿಮಾಗಳಿಗೆ ಹೋಗಬೇಕಿದ್ದ ಹಣವೇ ಎಂಬುದು ಅಮೆರಿಕದ ಅನೇಕ ಅರ್ಥಶಾಸ್ತ್ರಜ್ಞರ ಅಭಿಪ್ರಾಯ.

ತಂಡವೊಂದು ಊರಿಗೆ ಹೆಮ್ಮೆ ತರುತ್ತದೆ ಎಂಬುದನ್ನು ಯಾರೂ ಅಲ್ಲಗಳೆಯಲಾರರು. ಆದರೆ 'ಈಗ ಹಣ ಕೊಡದಿದ್ದರೆ ತಂಡ ಎಂದೆಂದಿಗೂ ಬಾರದು' ಎಂಬ ಬೆದರಿಕೆ ಸೇಂಟ್ ಲೂಯಿಸ್ ಮತ್ತು ಸ್ಯಾನ್ ಡಿಯಾಗೊದಲ್ಲಿ ಹುಸಿಯಾಯಿತು. ನಗರಕ್ಕೆ ಲೀಗ್ ಎಷ್ಟು ಬೇಕೋ, ಒಳ್ಳೆಯ ನಗರ ಲೀಗ್‌ಗೂ ಅಷ್ಟೇ ಬೇಕು. ಮುಂದೆ ಅರ್ಜಿ ಹಿಡಿದು ನಿಲ್ಲುವ ನಗರಗಳು ನೆನಪಿಡಬೇಕಾದ ಸಂಗತಿ ಇದು.