ತೊಲೆಯ ಕೊಕ್ಕೆ

ಅರಕಲಗೂಡು ಸೀಮೆಯ ನನ್ನ ತವರಿನಲ್ಲಿ ನಡುಮನೆಯ ತೊಲೆಗೆ ಸಾಲಾಗಿ ಐದು ಕಬ್ಬಿಣದ ಕೊಕ್ಕೆಗಳಿದ್ದವು. ಮನೆ ಕಟ್ಟಿದ ಕಾಲದಲ್ಲೇ ಆಚಾರಿ ಅವನ್ನು ಬಡಿದು ಕೂರಿಸಿದ್ದನಂತೆ. ಏತಕ್ಕೆಂದು ಯಾರೂ ಕೇಳಿರಲಿಲ್ಲ, ಅವನೂ ಹೇಳಿರಲಿಲ್ಲ. ಒಂದಕ್ಕೆ ಅವ್ವ ನೆಲವು ಕಟ್ಟಿ, ಬೆಕ್ಕಿಗೆ ಎಟುಕದ ಹಾಗೆ ಹಾಲು ಮೊಸರು ಇಡುತ್ತಿದ್ದಳು. ಇನ್ನೊಂದರಲ್ಲಿ ಲಾಟೀನು. ನಡುವಿನ ಎರಡರಲ್ಲಿ ನಮ್ಮನೆಯ ಮಕ್ಕಳ ತೊಟ್ಟಿಲು ಒಬ್ಬರಾದ ಮೇಲೊಬ್ಬರಿಗೆ ತೂಗಿತು. ಐದನೆಯದು ಬಹಳ ವರ್ಷ ಖಾಲಿ ಇತ್ತು. ಕರೆಂಟು ಬಂದಾಗ ಬಲ್ಬಿನ ವೈರನ್ನು ಅದಕ್ಕೇ ಸುತ್ತಿದರು. ಅಷ್ಟೆಲ್ಲ ಬದಲಾದರೂ ತೊಲೆಯನ್ನು ಮತ್ತೆ ಕೊರೆಯುವ ಪ್ರಸಂಗ ಬರಲಿಲ್ಲ.

ಆ ಕೊಕ್ಕೆಗಳು ನೆನಪಾದದ್ದು ಮಗಳಿಂದ. ಎಂಜಿನಿಯರಿಂಗ್ ಓದುತ್ತಿದ್ದವಳು ಹಾಸನದ ಮನೆಯಲ್ಲಿ ಕಂಪ್ಯೂಟರ್ ಮುಂದೆ ಕೂತು, ವಿಕಿಗೆ ಪ್ಲಗಿನ್ ಬರೆಯುತ್ತಿದ್ದೇನೆ, ಹುಕ್ ಸಿಕ್ಕುತ್ತಿಲ್ಲ ಎಂದು ಗೊಣಗುತ್ತಿದ್ದಳು. ನಮಗೆ ಹುಕ್ಕೆಂದರೆ ರವಿಕೆಯ ಹುಕ್ಕು. ಅವಳು ಇಂಗ್ಲಿಷಿನಲ್ಲಿ ವಿವರಿಸತೊಡಗಿದಾಗ ತಡೆದು, “ಅಜ್ಜಿ ಮನೆ ತೊಲೆ ಕೊಕ್ಕೆ ಇದ್ದ ಹಾಗೇನೇ?” ಎಂದೆ. ಒಂದು ನಿಮಿಷ ಸುಮ್ಮನಿದ್ದು, “ಹೂಂ ಕಣಮ್ಮ, ಅದೇ” ಎಂದಳು. ನಾನು ಪಾಠ ಹೇಳುವವಳು. ಅಂದು ನನಗೆ ಪಾಠವಾಯಿತು.

ವಿಕಿ ಎಂದರೆ ಯಾರು ಬೇಕಾದರೂ ತೆರೆದು, ಬರೆದು, ತಿದ್ದಬಹುದಾದ ಪುಟಗಳ ಕಟ್ಟು. ಅಮೆರಿಕದ ವಾರ್ಡ್ ಕನ್ನಿಂಗ್‌ಹ್ಯಾಮ್ 1995ರ ಮಾರ್ಚ್ 25ರಂದು ಮೊದಲ ವಿಕಿಯನ್ನು ಜನರಿಗೆ ತೆರೆದರು. ಹವಾಯಿ ಭಾಷೆಯಲ್ಲಿ ‘ವಿಕಿವಿಕಿ’ ಎಂದರೆ ಬೇಗಬೇಗ. ಹೊನೊಲುಲು ವಿಮಾನ ನಿಲ್ದಾಣದ ಬಸ್ಸಿನ ಮೇಲೆ ಕಂಡ ಹೆಸರದು. (ಚನ್ನರಾಯಪಟ್ಟಣದಿಂದ ನಾನು ದಿನಾ ಹತ್ತುತ್ತಿದ್ದ ಬಸ್ಸಿಗೆ ಯಾರೂ ಆ ಹೆಸರು ಇಡುತ್ತಿರಲಿಲ್ಲ.) 2001ರ ಜನವರಿ 15ರಂದು ವಿಕಿಪೀಡಿಯ ಹುಟ್ಟಿದಾಗ ಅದು ಓಡುತ್ತಿದ್ದುದು ಕ್ಲಿಫರ್ಡ್ ಆಡಮ್ಸ್ ಬರೆದ ‘ಯೂಸ್‌ಮಾಡ್‌ವಿಕಿ’ ಎಂಬ ಸಣ್ಣ ತಂತ್ರಾಂಶದ ಮೇಲೆ. ಬರೆಯುವವರು ಹೆಚ್ಚಿದಂತೆ ಅದು ಸಾಲದಾಯಿತು. ಜರ್ಮನಿಯಲ್ಲಿ ಜೀವಶಾಸ್ತ್ರ ಓದುತ್ತಿದ್ದ ಮ್ಯಾಗ್ನಸ್ ಮಾನ್ಸ್ಕೆ ಬೇರೆಯದನ್ನು ಬರೆದುಕೊಟ್ಟ. 2002ರ ಜನವರಿಯಲ್ಲಿ ಅದು ಬಳಕೆಗೆ ಬಂತು. ಅದೂ ಭಾರಕ್ಕೆ ಏದುಸಿರು ಬಿಟ್ಟಾಗ, ಅದೇ ವರ್ಷದ ಜುಲೈ ವೇಳೆಗೆ ಲೀ ಡೇನಿಯಲ್ ಕ್ರಾಕರ್ ಮತ್ತೊಮ್ಮೆ ಬರೆದರು. ಅದಕ್ಕೆ 2003ರಲ್ಲಿ ‘ಮೀಡಿಯಾವಿಕಿ’ ಎಂದು ನಾಮಕರಣವಾಯಿತು. ಕನ್ನಡ ವಿಕಿಪೀಡಿಯ ಶುರುವಾದದ್ದೂ ಅದೇ 2003ರ ಜೂನ್‌ನಲ್ಲಿ.

ಮನೆ ದೊಡ್ಡದಾದಂತೆ ಒಬ್ಬೊಬ್ಬರದು ಒಂದೊಂದು ಬೇಡಿಕೆ. ಎಲ್ಲರ ಆಸೆಯನ್ನೂ ಮೂಲ ಬರಹದೊಳಗೇ ತುರುಕಿದರೆ ಅದು ಯಾರಿಗೂ ಅರ್ಥವಾಗದ ಗೋಜಲಾಗುತ್ತದೆ. ಮೀಡಿಯಾವಿಕಿಯ ಕೊಕ್ಕೆಗಳ ಹಳೆಯ ವಿವರಣೆಯಲ್ಲಿ ಒಂದು ತಮಾಷೆಯ ಉದಾಹರಣೆಯಿದೆ. ಒಬ್ಬನಿಗೆ ಪುಟದ ಶೀರ್ಷಿಕೆ ತಿರುಗುಮುರುಗಾಗಿ ಕಾಣಬೇಕು, ಇನ್ನೊಬ್ಬನಿಗೆ ಪೂರ್ತಿ ದೊಡ್ಡ ಅಕ್ಷರಗಳಲ್ಲೇ ಕಾಣಬೇಕು. ಈ ಹುಚ್ಚಾಟಗಳಿಗಾಗಿ ಮೂಲವನ್ನು ಕೆಡಿಸುವುದು ಬೇಡ. ಪುಟ ತೋರಿಸುವ ಹಂತದಲ್ಲಿ ಒಂದು ಕೊಕ್ಕೆ ಬಿಟ್ಟಿರುತ್ತೇವೆ, ನಿಮ್ಮದನ್ನು ನೀವು ಅದಕ್ಕೆ ತೂಗುಹಾಕಿಕೊಳ್ಳಿ ಎಂಬುದು ಅದರ ತಾತ್ಪರ್ಯ.

ಪುಟ ತೆರೆಯುವಾಗ, ತಿದ್ದುವಾಗ, ಉಳಿಸುವ ಮೊದಲು, ಉಳಿಸಿದ ಮೇಲೆ, ಓದುಗರ ಕಣ್ಣಿಗೆ ಬೀಳುವ ಮುನ್ನ, ಹೀಗೆ ಹೆಜ್ಜೆಹೆಜ್ಜೆಗೂ ಹೆಸರಿಟ್ಟ ಕೊಕ್ಕೆಗಳು. ಯಂತ್ರ ಆ ಹೆಜ್ಜೆಗೆ ಬಂದಾಗ “ಇಲ್ಲಿ ಯಾರಾದರೂ ಏನಾದರೂ ಕಟ್ಟಿದ್ದೀರಾ?” ಎಂದು ಕೂಗಿ ನೋಡುತ್ತದೆ. ಕಟ್ಟಿದ್ದರೆ ಆ ಕೆಲಸ ಮಾಡಿಸಿ ಮುಂದೆ ಹೋಗುತ್ತದೆ, ಇಲ್ಲದಿದ್ದರೆ ಸುಮ್ಮನೆ ಹೋಗುತ್ತದೆ. ಪ್ಲಗಿನ್ ಬರೆಯುವವರು ಮಾಡಬೇಕಾದದ್ದು ಇಷ್ಟೇ. ತಮ್ಮ ಕೆಲಸದ ಬರಹವನ್ನು ಬೇರೆ ಕಡತದಲ್ಲಿ ಇಡಬೇಕು, ಇಂಥ ಕೊಕ್ಕೆಗೆ ಇಂಥ ಕೆಲಸವೆಂದು ಪಟ್ಟಿಯಲ್ಲಿ ಬರೆಯಬೇಕು, ವಿಕಿಯ ಸೆಟ್ಟಿಂಗ್ ಕಡತದಲ್ಲಿ ಅದರ ಹೆಸರಿನ ಒಂದು ಸಾಲು ಸೇರಿಸಬೇಕು. ಬೇಡವಾದರೆ ಆ ಸಾಲನ್ನು ಅಳಿಸಿದರಾಯಿತು.

ಇದು ಎಂಜಿನಿಯರುಗಳ ಮಾತು, ನಮಗೇಕೆ ಎನ್ನಬೇಡಿ. ನಾವು ಕನ್ನಡ ಬರೆದದ್ದು ಈ ಕೊಕ್ಕೆಗಳಿಂದಲೇ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿತ್ತು; ಆದರೆ ನಮ್ಮ ಬೆರಳಿಗೆ ಅದು ಎಟುಕಿದ್ದು ಬಹಳ ತಡವಾಗಿ. ಅಷ್ಟರಲ್ಲಿ ಬರಹ, ನುಡಿ ಬಂದು ನಾವೆಲ್ಲ ಟೈಪು ಕಲಿತೆವು. ಹೊಳೆನರಸೀಪುರದಲ್ಲಿದ್ದಾಗ ನಾನು ರುದ್ರಪಟ್ಟಣದ ಸಂಗೀತಗಾರರ ಬಗ್ಗೆ ನಲವತ್ತು ಪುಟ ಬರೆದು, ಒಂದು ಅಂಗಡಿಯಲ್ಲಿ ಹಳೆಯ ಫಾಂಟಿನಲ್ಲಿ ಟೈಪು ಮಾಡಿಸಿದ್ದೆ. ಆರ್.ಕೆ. ಶ್ರೀಕಂಠನ್ ಅವರ ಊರದು, ಅರಕಲಗೂಡು ತಾಲ್ಲೂಕು. ಬೇರೆ ಕಂಪ್ಯೂಟರಿನಲ್ಲಿ ತೆರೆದರೆ ನಲವತ್ತು ಪುಟವೂ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಸ. ಫಾಂಟು ಇರಲಿಲ್ಲ, ಕನ್ನಡವೂ ಇರಲಿಲ್ಲ.

2011ರಲ್ಲಿ ಭಾರತೀಯ ಭಾಷೆಗಳ ವಿಕಿಗಳಿಗೆ ‘ನಾರಾಯಂ’ ಎಂಬ ಪ್ಲಗಿನ್ ಬಂತು. ಬರೆದವರು ಮಲಯಾಳಂ ವಿಕಿಪೀಡಿಯದ ಜುನೈದ್. ಮಲಯಾಳದಲ್ಲಿ ನಾರಾಯಂ ಎಂದರೆ ತಾಳೆಗರಿಯ ಮೇಲೆ ಕೊರೆಯುವ ಕಬ್ಬಿಣದ ಕಂಟ. ಪುಟ ಕಣ್ಣಿಗೆ ಬೀಳುವ ಮುನ್ನದ ಕೊಕ್ಕೆಗೆ ಅದನ್ನು ತೂಗುಹಾಕಿದ್ದರು. ಪುಟದ ಜೊತೆಗೇ ಕೀಲಿಮಣೆಯೂ ಬರುತ್ತಿತ್ತು. ಕಂಪ್ಯೂಟರಿನಲ್ಲಿ ಏನನ್ನೂ ಹಾಕಿಕೊಳ್ಳದೆ, ಎರಡು ಕೀಲಿ ಒತ್ತಿ ಕನ್ನಡದಲ್ಲಿ ಬರೆಯಬಹುದಾಗಿತ್ತು. ಅಕ್ಷರವೇ ಇಲ್ಲದ ಕಂಪ್ಯೂಟರಿಗೆ ಫಾಂಟನ್ನೂ ಕಳಿಸುವ ಇನ್ನೊಂದು ಪ್ಲಗಿನ್ ಬೆನ್ನಿಗೇ ಬಂತು. 2013ರಲ್ಲಿ ಎರಡನ್ನೂ ಒಟ್ಟುಮಾಡಿದ ಹೊಸದು ಬಂದು ಅವು ನಿವೃತ್ತವಾದವು. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸವೂ ಅದರಲ್ಲಿದೆ. ಕೊಕ್ಕೆಗಳಿಲ್ಲದಿದ್ದರೆ ಮಲಯಾಳಿಗಳಾಗಲಿ ಕನ್ನಡಿಗರಾಗಲಿ ದೂರದ ಯಾರದೋ ಬಾಗಿಲಲ್ಲಿ ನಿಂತು, ನಮ್ಮ ಭಾಷೆಗಾಗಿ ನಿಮ್ಮ ತೊಲೆ ಕೊರೆಯಿರಿ ಎಂದು ಬೇಡಬೇಕಿತ್ತು.

ಕನ್ನಡದಲ್ಲಿ ಕೊಕ್ಕೆಗೆ ಇನ್ನೊಂದು ಅರ್ಥವೂ ಇದೆ. ಕಚೇರಿಯಲ್ಲಿ ಫೈಲಿಗೆ ‘ಕೊಕ್ಕೆ ಹಾಕಿದರು’ ಎಂದರೆ ಮುಂದೆ ಹೋಗದಂತೆ ತಡೆದರು ಎಂದು. ನನ್ನ ವರ್ಗಾವಣೆಯ ಅರ್ಜಿಗೆ ಹೀಗೆ ಎಷ್ಟು ಸಲ ಕೊಕ್ಕೆ ಬಿದ್ದಿತ್ತೋ! ಈ ಯಂತ್ರದ ಕೊಕ್ಕೆಗೂ ಆ ಗುಣವಿದೆ ಎಂದು ಮಗಳು ಹೇಳಿದಾಗ ನಕ್ಕುಬಿಟ್ಟೆ. ಕೆಲವು ಕೊಕ್ಕೆಗಳಿಗೆ ಕಟ್ಟಿದ ಕೆಲಸ ‘ಇಲ್ಲ’ ಎಂದು ಉತ್ತರ ಕೊಟ್ಟರೆ ಯಂತ್ರ ಅಲ್ಲೇ ನಿಲ್ಲುತ್ತದೆ. ವಿಕಿಪೀಡಿಯದಲ್ಲಿ ಕಿಡಿಗೇಡಿ ಬರಹ ಉಳಿಯದಂತೆ ತಡೆಯುವ ಪ್ಲಗಿನ್ ಹೀಗೇ ಕೆಲಸ ಮಾಡುವುದು.

ಅದನ್ನೇ ಹಿಡಿದು ನಾವೂ ಒಂದು ಪುಟ್ಟ ವಿಕಿ ಮಾಡಿದೆವು. ಮೂವತ್ತು ವರ್ಷದ ನೌಕರಿಯಲ್ಲಿ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ನಾಲ್ಕೂ ತಾಲ್ಲೂಕುಗಳಲ್ಲಿ ಹೆಂಗಸರ ಬಾಯಿಂದ ನಾನು ಕೇಳಿ ಬರೆದಿಟ್ಟ ಪದಗಳಿದ್ದವು: ನೆಲವು, ಸಿಂಬಿ, ವಂದರಿ, ಗುಡಾಣ, ವಾಡೆ, ಹಗೇವು. ಶಾಲೆಯ ಕಂಪ್ಯೂಟರುಗಳಲ್ಲಿ ಹೆಣ್ಣುಮಕ್ಕಳು ತಮ್ಮ ಮನೆಯ ಅಜ್ಜಿಯರನ್ನು ಕೇಳಿ ಇನ್ನಷ್ಟು ಸೇರಿಸತೊಡಗಿದರು. ಮಗಳು ಎರಡು ಪ್ಲಗಿನ್ ಬರೆದಳು. ಊರಿನ ಹೆಸರಿಲ್ಲದ ಪುಟವನ್ನು ಉಳಿಸಲು ಬಿಡದೆ ಕೊಕ್ಕೆ ಹಾಕುವುದು ಒಂದು. ಪದ ಹೇಳಿದವರ ಹೆಸರನ್ನು, ಪುಟ ಉಳಿದ ಮೇಲೆ, ಬೇರೊಂದು ದಾಖಲೆಯಲ್ಲಿ ಬರೆದಿಡುವುದು ಇನ್ನೊಂದು. ಹೆಸರು ಪುಟದಲ್ಲಿ ಕಾಣಬಾರದೆಂದು ಕೆಲವರು ಹೇಳಿದ್ದರಿಂದ ಈ ಏರ್ಪಾಡು. “ನನ್ನ ಹೆಸರು ಪ್ಯಾಟೆಯೋರ್ಗೆಲ್ಲ ಯಾಕೆ ಮೇಡಮ್ಮೋರೆ, ನಿಮ್ಗೊಬ್ರಿಗೆ ಗೊತ್ತಿದ್ರೆ ಸಾಕು” ಎಂದಿದ್ದರು ಒಬ್ಬರು. ಬೇಲೂರಿನ ಮದನಿಕೆಯ ಕೆಳಗೆ ಬಳ್ಳಿಗಾವೆಯ ದಾಸೋಜ ಹೆಸರು ಕೊರೆದುಕೊಂಡಿದ್ದಾನೆ. ಹಗೇವಿನಿಂದ ರಾಗಿ ತೆಗೆದವಳು ಎಲ್ಲಿ ಕೊರೆಯಬೇಕು? ನನಗಂತೂ ಪದಕ್ಕಿಂತ ಆ ಹೆಸರುಗಳೇ ಮುಖ್ಯವಾಗಿದ್ದವು.

ಒಂದು ಬೇಸಿಗೆ ರಜೆಯಲ್ಲಿ ಮಗಳು ಮೀಡಿಯಾವಿಕಿಯ ಹೊಸ ಆವೃತ್ತಿ ಹಾಕಿದಳು. ಎಲ್ಲ ಸರಿಯಾಗೇ ಇತ್ತು. ಶಾಲೆ ತೆರೆಯಿತು, ಮಕ್ಕಳು ಬರೆದರು, ಪುಟಗಳು ಉಳಿದವು. ದಸರೆಯ ಹೊತ್ತಿಗೆ ನಾನು ಹೆಸರಿನ ದಾಖಲೆ ತೆರೆದು ನೋಡಿದರೆ ಬೇಸಿಗೆಯಿಂದೀಚೆಗೆ ಒಂದು ಹೆಸರೂ ಇಲ್ಲ.

‘ಪುಟ ಉಳಿಸಿದ ಮೇಲೆ’ ಎಂಬ ಕೊಕ್ಕೆಗೆ 2013ರಲ್ಲೊಮ್ಮೆ ಹೊಸ ಹೆಸರು ಬಂದಿತ್ತು, 2020ರ ಆವೃತ್ತಿಯಲ್ಲಿ ಇನ್ನೊಂದು ಬಂತು. ಹಳೆಯದನ್ನು ಸ್ವಲ್ಪ ಕಾಲ ಜೊತೆಗಿಟ್ಟು ಆಮೇಲೆ ತೆಗೆದುಹಾಕಿದರು. ಅದನ್ನು ಮೊದಲೇ ಸಾರಿದ್ದರು. ಓದದೇ ಇದ್ದವರು ನಾವು. ಇಲ್ಲದ ಕೊಕ್ಕೆಗೆ ಕಟ್ಟಿದ ಕೆಲಸವನ್ನು ಯಂತ್ರ ಕರೆಯುವುದೇ ಇಲ್ಲ. ತಪ್ಪೆಂದು ಹೇಳುವುದೂ ಇಲ್ಲ. ನೆಲವು ಕಳಚಿ ಬಿದ್ದಿದ್ದರೆ ಮಡಕೆ ಒಡೆದ ಸದ್ದಾದರೂ ಕೇಳಿಸುತ್ತಿತ್ತು.

ಮಗಳು ಒಂದು ಸಾಲು ತಿದ್ದಿ ಹತ್ತು ನಿಮಿಷದಲ್ಲಿ ಸರಿಮಾಡಿದಳು. ಅವಳ ಕಣ್ಣಲ್ಲಿ ನೀರಿತ್ತು, ನಾನು ಬಯ್ಯಲಿಲ್ಲ. ಮಾರನೆಯ ವಾರದಿಂದ ಮಕ್ಕಳು ನೋಟುಬುಕ್ಕು ಹಿಡಿದು ಮತ್ತೆ ಮನೆಮನೆಗೆ ಹೋದರು. ಹಾಸನದ ಹುಡುಗಿಯರಿಗೆ ತಮ್ಮ ಅಜ್ಜಿಯರೇ ಆದ್ದರಿಂದ ಕಷ್ಟವಾಗಲಿಲ್ಲ. ಚನ್ನರಾಯಪಟ್ಟಣದ ಕಡೆಯವರಿಗೆ ನಾನೇ ಫೋನು ಮಾಡಿದೆ. ಒಬ್ಬರು, “ಇನ್ನೊಂದ್ಸಲ ಕಳ್ಕೊಂಡೀರಿ, ಪುಸ್ತಕದಲ್ಲೂ ಬರ್ಕೊಳ್ಳಿ” ಎಂದರು. ಈಗ ಪುಸ್ತಕದಲ್ಲೂ ಬರೆಯುತ್ತಿದ್ದೇವೆ.

ವಂದರಿಯ ಪುಟಕ್ಕೆ ಮಾತ್ರ ಹೆಸರು ಸಿಗಲಿಲ್ಲ. ಹೊಳೆನರಸೀಪುರದ ಪೇಟೆಬೀದಿಯಲ್ಲಿ ಮಗನ ಮನೆಯಲ್ಲಿದ್ದ ಮುದುಕಿ ಆಕೆ. ವಂದರಿಯಲ್ಲಿ ಹಿಟ್ಟು ಜಾಲಿಸುವುದನ್ನು ಬರಿಗೈಯಲ್ಲೇ ಅಭಿನಯಿಸಿ ತೋರಿಸಿದ್ದರಂತೆ. ನಾವು ಹೋಗುವಷ್ಟರಲ್ಲಿ ತೀರಿಕೊಂಡಿದ್ದರು, ಮನೆಗೆ ಬೀಗ ಬಿದ್ದಿತ್ತು. ಬರೆದುಕೊಂಡು ಬಂದಿದ್ದ ಹುಡುಗಿಗೆ ಮುಖ ನೆನಪಿದೆ, ಹೆಸರು ನೆನಪಿಲ್ಲ. ದಾಖಲೆಯಲ್ಲಿ ಆ ಜಾಗವನ್ನು ಖಾಲಿ ಬಿಡಲು ಮನಸ್ಸಾಗದೆ ನಾನೇ ಕೂತು ಟೈಪು ಮಾಡಿದೆ: ‘ಅಜ್ಜಿ, ಹೊಳೆನರಸೀಪುರ’.